ಫೋಟೋಗಳಿಗೆ ನಾನಿಟ್ಟ ಹೆಸರುಗಳು

ಹೆಸರಿಲ್ಲದ ಫೈಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ನನ್ನ ಹುಟ್ಟುಗುಣವೋ, ಇಪ್ಪತ್ತಾರು ವರ್ಷ ಆಫೀಸಿನ ರೆಕಾರ್ಡ್ ರೂಮಿನಲ್ಲಿ ಕೂತದ್ದರ ಫಲವೋ ಗೊತ್ತಿಲ್ಲ. ಯಾವ ಕಾಗದ ಬಂದರೂ ಮೇಲೆ ‘ವಿಷಯ’ ಎಂದು ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ನಾನದನ್ನು ಕಣ್ಣೆತ್ತಿಯೂ ನೋಡುವವನಲ್ಲ. ಅಂಥವನ ಮನೆಯ ಕಂಪ್ಯೂಟರಿನಲ್ಲೇ ಸಾವಿರಾರು ಫೋಟೋಗಳು ಕೈದಿಗಳ ಹಾಗೆ ಬರೀ ನಂಬರು ಹೊತ್ತುಕೊಂಡು ಬಿದ್ದಿದ್ದವು. ‘ನ್ಯೂ ಫೋಲ್ಡರ್’ ಒಳಗೊಂದು ‘ನ್ಯೂ ಫೋಲ್ಡರ್’, ಅದರ ಹೊಟ್ಟೆಯಲ್ಲಿ ಮತ್ತೊಂದು. ಕೊನೆಗೆ ಹೋದ ಬೇಸಿಗೆಯಲ್ಲಿ ಹದಿನೈದು ದಿನ ರಜೆ ಹಾಕಿ, ಬಟವಾಡಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಕೂತು, ಮುಖ್ಯವಾದವಕ್ಕೆಲ್ಲ ಒಂದೊಂದಾಗಿ ನಾಮಕರಣ ಮಾಡಿದೆ. ಅದೂ ಅಚ್ಚ ಕನ್ನಡದಲ್ಲಿ, ಚಿತ್ರದಲ್ಲಿ ಏನು ಕಂಡಿತೋ ಅದನ್ನೇ ಬರೆದು. “ರೀ, ಮಕ್ಕಳಿಗೆ ಹೆಸ್ರಿಡೋವಾಗ್ಲೂ ನೀವು ಇಷ್ಟು ಯೋಚ್ನೆ ಮಾಡ್ಲಿಲ್ವಲ್ರೀ” ಎಂದು ಹೆಂಡತಿ ಸರೋಜ ಮೂದಲಿಸಿದಳು. ಮೂದಲಿಸಲಿ. ನನ್ನ ಕಂಪ್ಯೂಟರು, ನನ್ನ ಹೆಸರು, ಓದುವವನೂ ನಾನೊಬ್ಬನೇ ಎಂದುಕೊಂಡೆ.

ಅಷ್ಟರಲ್ಲಿ ಗುಬ್ಬಿಯಲ್ಲಿ ಸರೋಜಳ ತಮ್ಮ, ಅಂದರೆ ನನ್ನ ಭಾಮೈದ, ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ ಬಂತು. ಬಂತು ಎಂದರೆ ಸಂತೋಷಕ್ಕಿಂತ ಆತಂಕವೇ ಹೆಚ್ಚು. ಕಾರಣ, ಕುಣಿಗಲ್ಲಿನ ಚಿಕ್ಕಮಾವ. ಇವರು ನನ್ನ ಮಾವನವರ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ ಭಾಮೈದನ ಮದುವೆಯಲ್ಲಿ ಮೊದಲ ಪಂಕ್ತಿಗೆ ತಮ್ಮನ್ನು ಯಾರೂ ಕೈಹಿಡಿದು ಕೂರಿಸಲಿಲ್ಲ ಎಂದು ಕೋಪಿಸಿಕೊಂಡು ಹೋದವರು ಅಲ್ಲಿಂದಾಚೆಗೆ ನಮ್ಮ ಯಾರ ಜೊತೆಯೂ ಒಂದು ಮಾತಾಡಿಲ್ಲ. ಮಾವನವರಿಗೆ ಈಗ ವಯಸ್ಸಾಯಿತು. “ಅವ್ನು ಬರ್ದೆ ನಾನ್ ಆ ಹೊಸ್ಲು ದಾಟಲ್ಲ” ಎಂದು ಕೂತುಬಿಟ್ಟರು. ನಾನೂ ಸರೋಜಳೂ ಕುಂಕುಮ ಇಟ್ಟು ಕರೆಯಲು ಕುಣಿಗಲ್ಲಿಗೆ ಹೋದೆವು. ಚಿಕ್ಕಮಾವ ಎರಡಡಿ ದೂರದಲ್ಲೇ ಕೂತು, ಪೇಪರಿನಿಂದ ಮುಖ ಮುಚ್ಚಿಕೊಂಡು, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಚಿಕ್ಕತ್ತೆ ನಮ್ಮ ಕಡೆ ತಿರುಗಿ, “ಬಾಗ್ಲಲ್ಲಿ ಫ್ಲೆಕ್ಸ್ ಕಟ್ಟುಸ್ತೀರಲ್ಲ, ಅದ್ರಲ್ಲಿ ಇವರ್ದೂ ಫೋಟೋ ಹಾಕ್ಸೋದಾದ್ರೆ ಬರ್ತಾರಂತೆ ಕಣಮ್ಮ. ಎಲ್ಲಾರ್ದೂ ಎಷ್ಟಿರ್ತದೋ ಅಷ್ಟೇ ದೊಡ್ದಿರ್ಬೇಕಂತೆ” ಎಂದರು. ಸರೋಜ ಅಲ್ಲೇ ಕಣ್ಣೊರೆಸಿಕೊಂಡಳು.

ಫ್ಲೆಕ್ಸಿನ ಜವಾಬ್ದಾರಿ ನನ್ನ ತಲೆಗೆ ಬಂತು. ಶಿರಾ ಗೇಟಿನಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವವರನ್ನು ಕೇಳಿದರೆ, “ವಾಟ್ಸಾಪಲ್ಲಿ ಬೇಡ ಸಾರ್, ಮುಖ ಎಲ್ಲಾ ಒಡ್ದೋಗ್ತದೆ. ಮೇಲ್ ಮಾಡ್ಬುಡಿ” ಎಂದರು. ನಾನು ಹಿಗ್ಗಿದೆ. ಬೇರೆಯವರಾಗಿದ್ದರೆ ನೆಂಟರ ಫೋಟೋ ಹುಡುಕುವುದಕ್ಕೆ ಎರಡು ದಿನ ಬೇಕಿತ್ತು. ನನಗೆ ಹತ್ತು ನಿಮಿಷ ಸಾಕಾಯಿತು. ಒಂಬತ್ತು ಫೋಟೋ ಆರಿಸಿದೆ. ಎಲ್ಲವನ್ನೂ ಒಟ್ಟಿಗೆ ಕಳಿಸಹೋದರೆ ಭಾರ ಹೆಚ್ಚಾಯಿತೆಂದು ಮೇಲ್ ತಕರಾರು ತೆಗೆಯಿತು. ಸರಿ, ನಾಲ್ಕು ಒಂದರಲ್ಲಿ, ನಾಲ್ಕು ಇನ್ನೊಂದರಲ್ಲಿ, ಉಳಿದ ನನ್ನದೊಂದನ್ನು ಮೂರನೆಯದರಲ್ಲಿ ಕಳಿಸಿ, ಫೋನು ಮಾಡಿದೆ.

“ಬಂದವೆ ಸಾರ್” ಎಂದರು ಅವರು.

“ಯಾರ ಹೆಸರು ಯಾವುದು ಅಂತ ಹೇಳ್ತೀನಿ, ಬರ್ಕೊಳ್ಳಿ.”

“ಬೇಡ ಬುಡಿ ಸಾರ್. ಒಂದೊಂದ್ ಫೋಟೋಗೂ ನೀವೇ ಹೆಸ್ರು ಕೊಟ್ಟಿದೀರಲ್ಲ, ಅದನ್ನೇ ಕೆಳಗೆ ಹಾಕ್ತಾ ಇದೀನಿ. ಎಲ್ಲಾರೂ ಹಿಂಗ್ ನೀಟಾಗ್ ಕಳ್ಸುದ್ರೆ ನಮ್ಗೆಷ್ಟು ಅನುಕೂಲ!”

ಹೊಗಳಿಕೆ ಯಾರಿಗೆ ಬೇಡ? “ಕೇಳಿಸ್ತೇನೇ?” ಎಂದು ಸರೋಜಳ ಮುಂದೆ ಬೀಗುತ್ತ ಕಾಫಿ ಲೋಟ ಬಾಯಿಗಿಟ್ಟೆ. ಎರಡನೇ ಗುಟುಕಿನ ಹೊತ್ತಿಗೆ ಆ ಹೆಸರುಗಳು ನೆನಪಾದವು. ಚಿಕ್ಕಮಾವನ ಫೋಟೋ ನನ್ನಲ್ಲಿದ್ದದ್ದು ಒಂದೇ, ಆ ಮದುವೆಯ ದಿನದ್ದು. ಅದಕ್ಕೆ ನಾನಿಟ್ಟ ಹೆಸರು ‘ಮೂತಿ ಊದಿಸಿಕೊಂಡ ಚಿಕ್ಕಮಾವ’. ಷಡ್ಡಕನದು ‘ಮೂರನೇ ಸಲ ಪಾಯಸ’. ಭಾಮೈದನದು ‘ಕೂದಲಿದ್ದಾಗ’. ಇನ್ನು ಅತ್ತೆಯವರು ಫೋಟೋ ಎಂದರೆ ಸಾಕು ಕಣ್ಣು ಮಿಟುಕಿಸುವವರು. ಹತ್ತರಲ್ಲಿ ಒಂದು ಮಾತ್ರ ಚೆನ್ನಾಗಿ ಬಂದಿತ್ತೆಂದು ಅದಕ್ಕೆ ‘ಅತ್ತೆ ಇನ್ನೂ ಕಣ್ಣು ಮುಚ್ಚಿಲ್ಲ’ ಎಂದು ಬರೆದಿದ್ದೆ. ಗೃಹಪ್ರವೇಶದ ದಿನ, ಹೊಸ ಮನೆಯ ಬಾಗಿಲಲ್ಲಿ, ಅರ್ಧ ಗುಬ್ಬಿ ಓದುವ ಹಾಗೆ! ಅಯ್ಯೋ ಶಿವನೇ ಎಂದೆ. ಮತ್ತೆ ಫೋನು ಮಾಡಿದರೆ ಆ ಪುಣ್ಯಾತ್ಮರು ಎತ್ತಲಿಲ್ಲ.

ಆಟೋ ಹತ್ತಿದೆ. ದಾರಿಯುದ್ದಕ್ಕೂ ಹಾದಿಬದಿಯ ಒಂದೊಂದು ಫ್ಲೆಕ್ಸಿನಲ್ಲೂ ಚಿಕ್ಕಮಾವನ ಮೂತಿಯೇ ಕಂಡಿತು. ಅಂಗಡಿಗೆ ನುಗ್ಗಿದಾಗ ಪ್ರಿಂಟರು ಗರಗರ ಓಡುತ್ತಿತ್ತು. ನೋಡಿದರೆ, ಅದು ಯಾರೋ ಮುಖಂಡರ ಹುಟ್ಟುಹಬ್ಬದ ಬ್ಯಾನರು. ಶುಭ ಕೋರುವವರೇ ಎಂಬತ್ತೋ ತೊಂಬತ್ತೋ ಮಂದಿ, ಮೀಸೆಯ ಮೇಲೆ ಮೀಸೆ, ಕೂಲಿಂಗ್ ಗ್ಲಾಸಿನ ಪಕ್ಕ ಕೂಲಿಂಗ್ ಗ್ಲಾಸು, ಮುಗಿಯುವ ಲಕ್ಷಣವೇ ಇಲ್ಲ. ನಮ್ಮದು ಅದರ ಹಿಂದೆ ಸರದಿಯಲ್ಲಿತ್ತು. ಆ ಮುಖಂಡರು ಯಾರೋ ನನಗೆ ಗೊತ್ತಿಲ್ಲ, ಆದರೆ ನೂರು ವರ್ಷ ಬಾಳಲಿ ಎಂದು ಮನಸಾರೆ ಹರಸಿದೆ.

“ಅಲ್ರೀ, ‘ಮೂತಿ ಊದಿಸಿಕೊಂಡ’ ಅಂತಿದೆ, ನಿಮಗೆ ಅನುಮಾನ ಬರಲಿಲ್ವಾ?” ಎಂದು ಕೇಳಿದೆ.

“ನಮ್ಗೇನ್ ಗೊತ್ತು ಸಾರ್! ಇಲ್ನೋಡಿ, ಈ ಬ್ಯಾನರ್‌ನಲ್ಲೇ ‘ಕರಡಿ’ ಅವ್ನೆ, ‘ಬುಲೆಟ್’ ಅವ್ನೆ, ‘ಮೆಂಟಲ್’ ಅಂತ್ಲೂ ಒಬ್ಬ ಅವ್ನೆ. ಅವ್ರೇ ಕೇಳಿ ಹಾಕ್ಸ್ಕೊಂಡವ್ರೆ. ನಿಮ್ ಮನೇಲೂ ಹಂಗೇ ಏನೋ ಅನ್ಕೊಂಡೆ.”

ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಎಂಟು ಹೆಸರನ್ನೂ ಸರಿಮಾಡಿಸಿದೆ. ಚಿಕ್ಕಮಾವನ ಹೆಸರಿನ ಹಿಂದೆ ‘ಶ್ರೀಯುತ’, ಮುಂದೆ ‘ರವರು’. ಸಾಲದೆಂದು ‘ಕುಟುಂಬದ ಹಿರಿಯರು’ ಎಂದೂ ಸೇರಿಸಿದೆ. ಎದ್ದು ಹೊರಡುವಾಗ, “ಇನ್ನೊಂದ್ ಮೇಲ್ ಇದೆ, ಇನ್ನೂ ತೆಗ್ದಿಲ್ಲ ಸಾರ್” ಎಂದರು. “ಅದು ನನ್ನದೇ. ಮೂಲೇಲಿ ಎಲ್ಲಾದ್ರೂ ಹಾಕ್ಬಿಡಿ” ಎಂದು ದೊಡ್ಡ ಮನಸ್ಸು ಮಾಡಿ ಹೇಳಿ, ಹಗುರವಾಗಿ ಬೀದಿಗಿಳಿದೆ. ಅಷ್ಟು ರುಚಿಯಾದ ಎಳನೀರನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಚಿಕ್ಕಮಾವ ಬಂದರು. ಮಾವನವರು ಹೊಸ್ತಿಲ ಹೊರಗೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಅಣ್ಣನನ್ನೂ ನೋಡದೆ ಚಿಕ್ಕಮಾವ ನೇರ ಹೋಗಿ, ಅಂಗಡಿಯವರು ಆಗಷ್ಟೇ ಕಟ್ಟಿಹೋಗಿದ್ದ ಫ್ಲೆಕ್ಸಿನ ಮುಂದೆ ನಿಂತರು. ತಮ್ಮ ಫೋಟೋವನ್ನು ಗೇಣು ಹಾಕಿ ಅಳೆದರು, ಪಕ್ಕದ್ದನ್ನೂ ಅಳೆದರು. ‘ಕುಟುಂಬದ ಹಿರಿಯರು’ ಎಂಬುದನ್ನು ಎರಡು ಸಲ ಓದಿದಂತೆ ಕಂಡಿತು. ಆಮೇಲೆ ಕಣ್ಣು ಕೆಳಗಿಳಿಯಿತು, ಬಲಗಡೆಯ ಮೂಲೆಗೆ. ಅಲ್ಲಿ ಕೈಕಟ್ಟಿ, ನೀಲಿ ಶರಟಿನಲ್ಲಿ ನಗುತ್ತ ನಿಂತಿದ್ದವನು ನಾನು. ಅವರ ಜೊತೆಗೆ ನಾನೂ ನನ್ನ ಹೆಸರನ್ನು ಆಗಲೇ ಮೊದಲ ಸಲ ಓದಿದೆ: ‘ನಾನು ಸಣ್ಣಗೆ ಕಾಣುವುದು’.

ಚಿಕ್ಕಮಾವ ಕನ್ನಡಕ ಸರಿಮಾಡಿಕೊಂಡು ಫ್ಲೆಕ್ಸ್ ನೋಡಿದರು. ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡೆ.

“ಹಂಗೇನೂ ಕಾಣಲ್ಲ ಬುಡಿ ಅಳಿಯಂದಿರೇ” ಎಂದರು.

ಆರು ವರ್ಷದಲ್ಲಿ ಅವರು ನಮ್ಮ ಮನೆಯವರೊಡನೆ ಆಡಿದ ಮೊದಲ ಮಾತು ಅದು. ಕುರ್ಚಿಯಲ್ಲಿದ್ದ ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮನೂ ನಗುತ್ತಲೇ ಹೋಗಿ ಅಣ್ಣನ ಕೈಹಿಡಿದು ಎಬ್ಬಿಸಿದರು. ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದ ಮೇಲೆ ನಾನು ಹೊಟ್ಟೆಯನ್ನು ಆರಾಮಾಗಿ ಹೊರಗೆ ಬಿಟ್ಟೆ.