ಜರ್ನಲ್ಲಿನ ಅಂಕಿ ಇಳೀತು, ನನ್ನ ಪಿತ್ತ ಏರಿತು

ಹೊಸಪೇಟೆ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರು ನಾನು. ನಗುವಂಥ ಪ್ರಸಂಗ ತಿಂಗಳಿಗೊಂದಾದರೂ ನನ್ನ ಪಾಲಿಗೆ ಬಂದೇ ಬರುತ್ತದೆ. ನಗೋದು ಕೇಳಿದವರು, ಮೈ ಉರಿಯೋದು ನನಗೆ. ನನ್ನ ಬಡ್ತಿ ನಾಲ್ಕು ವರ್ಷದಿಂದ ಒಂದೇ ಲೇಖನಕ್ಕೆ ಸಿಕ್ಕಿಹಾಕಿಕೊಂಡಿದೆ. ಸಂಡೂರಿನ ಅದಿರಿನ ಯಾರ್ಡಿನಲ್ಲಿ ದುಡಿಯುವವರ ಕೆಮ್ಮಿನ ಮೇಲೆ ಬರೆದದ್ದು.

೧. ಎಮ್ಮೆಯ ಸೀಲು

ವೈದ್ಯಕೀಯ ಜರ್ನಲ್‌ಗಳಿಗೆ ವರ್ಷಕ್ಕೊಂದು ಅಂಕಿ ಸಿಗುತ್ತದೆ. ಹಿಂದಿನ ಎರಡು ವರ್ಷದ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಅನ್ನೋ ಲೆಕ್ಕ. ಅದಕ್ಕೆ ‘ಪ್ರಭಾವ’ ಅಂತ ದೊಡ್ಡ ಹೆಸರು. ನಮ್ಮಲ್ಲಿ ಬಡ್ತಿಗೆ ಅದು ಎರಡರ ಮೇಲಿರಬೇಕು. ನನ್ನ ಲೇಖನ ಬಂದಾಗ ಇತ್ತು. ಕಡತ ಮೇಜಿಂದ ಮೇಜಿಗೆ ಹೋಗುವಷ್ಟರಲ್ಲಿ ಇಳಿದುಬಿಟ್ಟಿತು.

“ಲೇಖನ ಅದೇ ಐತಲ್ರಿ, ಒಂದಕ್ಷರ ಬದಲಾಗಿಲ್ಲ,” ಅಂದೆ.

“ಆದಾಯ ಪ್ರಮಾಣಪತ್ರ ಇದ್ದಂಗ್ರಿ ಮೇಡಂ, ಹಳೇದು ನಡಿಯಂಗಿಲ್ಲ,” ಅಂದ ಕಾಲೇಜು ಆಫೀಸಿನ ಗುಮಾಸ್ತ. “ಹಳೇ ಅಂಕೀನ ಬೇಕಂದ್ರ ಗೆಜೆಟೆಡ್ ಆಫೀಸರ್ ಸಹಿ ತರ್ರಿ.”

ನನಗೆ ಪರಿಚಯವಿದ್ದ ಗೆಜೆಟೆಡ್ ಆಫೀಸರ್ ಅಂದರೆ ಕಂಪ್ಲಿಯ ಪಶುವೈದ್ಯರು ಒಬ್ಬರೇ. ಬಸ್ಸು ಹಿಡಿದು ಹೋದೆ. ಅವರು ಹಳೇ ಅಂಕಿಯ ಕಾಗದ ತಿರುವಿ ಮುರುವಿ ನೋಡಿದರು.

“ಎಮ್ಮಿ ಆಗಿದ್ರ ಹಲ್ಲು ನೋಡಿ ಹೇಳ್ತಿದ್ದೆ. ಇದಕ್ಕ ಏನ್ ನೋಡ್ಲಿ?”

ಕೊನೆಗೆ ಎಮ್ಮೆ ಆರೋಗ್ಯವಾಗಿದೆ ಅಂತ ಒತ್ತುವ ಸೀಲನ್ನೇ ಒತ್ತಿದರು. ಗುಮಾಸ್ತನಿಗೆ ಭಾಳ ಸಮಾಧಾನವಾಯಿತು. ಬಡ್ತಿ ಸಮಿತಿ ಮಾತ್ರ ಒಪ್ಪಲಿಲ್ಲ.

೨. ಬೊಕ್ಕತಲೆ

ಅದೇ ಕೆಮ್ಮಿನ ಮುಂದಿನ ಭಾಗ ಬರೆದು ಅದೇ ಜರ್ನಲ್ಲಿಗೆ ಕಳಿಸಿದೆ. ಸಂಪಾದಕರು ಫೋನ್ ಮಾಡಿದರು. ಅಂಕಿ ಏರಬೇಕಂತೆ, ಅವರಲ್ಲಿ ಈಚೆಗೆ ಬಂದ ಐದು ಲೇಖನ ನಾನು ಉಲ್ಲೇಖಿಸಬೇಕಂತೆ. ಐದರಲ್ಲಿ ಮೂರು ಕೂದಲು ಉದುರುವುದರ ಬಗ್ಗೆ!

“ಅದಿರಿನ ಧೂಳಿಗೂ ಬೊಕ್ಕತಲೆಗೂ ಏನು ಸಂಬಂಧ ಸಾರ್?” ಅಂತ ಕೇಳಿದೆ.

“ಧೂಳು ತಲೆ ಮೇಲೂ ಬೀಳುತ್ತಲ್ಲ ಮೇಡಂ?”

ಲೇಖನ ವಾಪಸ್ ತಗೊಂಡೆ.

೩. ಬೈಗುಳ

ನಮ್ಮ ಬಡ್ತಿ ಸಮಿತಿಯ ಅಧ್ಯಕ್ಷರ ಲೇಖನವೊಂದನ್ನು ಎಲ್ಲೆಲ್ಲೋ ಉಲ್ಲೇಖಿಸಿದ್ದಾರೆ. ಅದರ ಹೆಮ್ಮೆ ಅವರಿಗೆ ಇಷ್ಟಿಷ್ಟಲ್ಲ. ಸಿಟ್ಟಿಗೆ ಕೂತು ಒಂದೊಂದೇ ತೆಗೆದು ಓದಿದೆ. ‘ಈ ಲೇಖಕರು ಮಾಡಿದಂತೆ ಯಾರೂ ಮಾಡಬಾರದು’ ಅಂತಲೇ ಎಲ್ಲರೂ ಬರೆದಿದ್ದರು. ಮುಖಕ್ಕೇ ಹೇಳಿದೆ. ಅವರು ಚಹಾ ಹೀರುತ್ತಾ, “ಬೈದ್ರೂ ಎಣಿಕಿಗೆ ಬರ್ತದಮ್ಮ,” ಅಂದರು.

೪. ನೀರಿನ ಟ್ಯಾಂಕರ್

ಅಷ್ಟರಲ್ಲಿ ಸಂಡೂರಿನ ಯಾರ್ಡಿನ ಮೇಸ್ತ್ರಿ ನನ್ನ ಮೊದಲ ಲೇಖನದ ಜೆರಾಕ್ಸ್ ಮಾಡಿಸಿ, ಮಗಳ ಕೈಲಿ ಅರ್ಥ ಹೇಳಿಸಿಕೊಂಡು, ದಿನಾ ಮ್ಯಾನೇಜರ್ ಮುಂದೆ ಹಿಡಿದು ಕೂತಿದ್ದನಂತೆ. ಕಾಟ ತಾಳದೆ ಅವರು ಧೂಳಿಗೆ ನೀರು ಹೊಡೆಯಲು ಟ್ಯಾಂಕರ್ ಹಾಕಿದರು. ಅದನ್ನು ಹೇಳೋಕೇ ಮೇಸ್ತ್ರಿ ಹೊಸಪೇಟೆಗೆ ಬಂದ.

“ಕೆಮ್ಮು ಭಾಳ ಕಮ್ಮಿ ಆಗೇತ್ರಿ ಡಾಕ್ಟರಮ್ಮ. ನೀವ್ ಬರ್ದಿದ್ದು ಕೆಲಸಕ್ಕ ಬಂತು.”

ಅವನ ಕೈ ಹಿಡಿದು ಸೀದಾ ಬಡ್ತಿ ಸಮಿತಿಯ ಮುಂದೆ ನಿಲ್ಲಿಸಿದೆ. ಅಧ್ಯಕ್ಷರು ಅವನ ಮಾತು ಪೂರ್ತಿ ಕೇಳಿದರು, ತಲೆಯಾಡಿಸಿದರು.

“ಚಲೋ ಆತು. ಆ ಟ್ಯಾಂಕರ್ ಡ್ರೈವರ್ ಈ ಲೇಖನಾನ ಯಾವ ಜರ್ನಲ್ಲಿನಾಗ ಉಲ್ಲೇಖ ಮಾಡ್ಯಾನ?”

ಮೇಸ್ತ್ರಿ ನನ್ನ ಮುಖ ನೋಡಿದ. “ಅವ ನೀರು ಹೊಡೀತಾನ್ರಿ ಸಾಹೇಬ್ರ, ಬರಿಯಂಗಿಲ್ಲ.”

ಅಧ್ಯಕ್ಷರು ಗುಮಾಸ್ತನ ಕಡೆ ತಿರುಗಿದರು.

“ಹಂಗಾರ ಪ್ರಭಾವ ಇಲ್ಲ ಅಂತ ಬರ್ಕೊ.”