ಮೊದಲು ಸಿಕ್ಕಿದವನೇ ಸೊನ್ನೆ

“ನೋಡಿ ಅಕ್ಕಾ, ನಿಮ್ಮ ಕಂಪ್ಯೂಟರಿನ ಹೊಟ್ಟೆಯೊಳಗೆ ಎರಡು ನೆಟ್‌ವರ್ಕ್ ಕಾರ್ಡ್ ಇವೆ. ಒಂದರ ವೈರು ಕಸೂತಿ ಮೆಷಿನ್ನಿಗೆ, ಇನ್ನೊಂದರದು ಇಂಟರ್ನೆಟ್ಟಿಗೆ. ಆನ್ ಮಾಡಿದಾಗ ಯಾವುದು ಮೊದಲು ಕಣ್ಣಿಗೆ ಬೀಳುತ್ತೋ ಅದಕ್ಕೆ ಕಂಪ್ಯೂಟರ್ ‘ಈತ್ ಸೊನ್ನೆ’ ಅಂತ ಹೆಸರಿಡುತ್ತೆ, ಆಮೇಲಿನದು ‘ಈತ್ ಒಂದು’. ನಿನ್ನೆವರೆಗೆ ಕಸೂತಿಯದು ಮೊದಲು ಸಿಗ್ತಿತ್ತು. ಇವತ್ತು ಇನ್ನೊಂದು ಓಡಿಬಂದು ಸೊನ್ನೆ ಆಗಿ ಕೂತಿದೆ. ಡಿಸೈನನ್ನ ಸೊನ್ನೆಗೆ ಕಳಿಸು ಅಂತ ಬರೆದಿಟ್ಟಿದೆ, ಅದು ಪಾಪ ಹಾಗೇ ಇಂಟರ್ನೆಟ್ಟಿನ ಕಡೆ ಕಳಿಸ್ತಿದೆ. ತಪ್ಪು ಯಾರದೂ ಅಲ್ಲ.”

ರಿಪೇರಿಯವನು ಇಷ್ಟು ಹೇಳಿ ಚಹಾ ಲೋಟ ಎತ್ತಿಕೊಂಡ. ನಮ್ಮ ಹೊಲಿಗೆ ಅಂಗಡಿಯ ನಡುವೆ ನನ್ನ ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ ಹದಿನೆಂಟು ಅಂಗಿಗಳು, ಒಂದರ ಬೆನ್ನಿಗೂ ಆಟಗಾರನ ಹೆಸರು ಬಿದ್ದಿಲ್ಲ. ಐದಕ್ಕೆ ತಂಡದವರು ಬರುತ್ತಾರೆ, ಆರಕ್ಕೆ ಆಟ. ಆಗಲೇ ಎರಡು ಹೊಡೆದಿತ್ತು.

ಸೊಸೆ: ತಪ್ಪು ಯಾರದೂ ಅಲ್ಲ ಅನ್ನೋದನ್ನ ಅಂಗಿ ಮೇಲೆ ಹೊಲಿದು ಕೊಡ್ಲಾ? ಮನೇಲಿ ಇಬ್ಬರು ಮಕ್ಕಳಿದ್ರೆ, ಬೆಳಿಗ್ಗೆ ಮೊದಲು ಎದ್ದವನೇ ಇವತ್ತಿಗೆ ಹಿರಿಮಗ ಅಂತಾರಾ?

ರಿಪೇರಿಯವನು: ಅದಕ್ಕೇ ಈಗ ಬೇರೆ ಪದ್ಧತಿ ಬಂದಿದೆ. ಕಾರ್ಡು ಒಳಗೆ ಕೂತ ಜಾಗ ನೋಡಿ ಹೆಸರಿಡೋದು. ಇದು ‘ಇ ಎನ್ ಪಿ ಮೂರು ಎಸ್ ಸೊನ್ನೆ’.

ಸೊಸೆ: ಇದೇನು ಹೆಸರಾ, ಬಸ್ಸಿನ ನಂಬರಾ?

ರಿಪೇರಿಯವನು: ಏನಾದ್ರೂ ಇರಲಿ. ಜಾಗ ಬದಲಾಗದಿದ್ರೆ ಹೆಸರೂ ಬದಲಾಗಲ್ಲ.

ಅವನು ಕೀಲಿಮಣೆ ಕುಟ್ಟತೊಡಗಿದ. ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ನಾನು ತಡೆಯಲಾರದೆ ಕೇಳಿದೆ.

ನಾನು: ಜಾಗ ಅಂದ್ರೆ ಯಾವುದಪ್ಪಾ? ಸೋಮವಾರ ಸೋಮವಾರ ಇವಳು ಎಲ್ಲ ಬಿಚ್ಚಿ ನೂಲಿನ ಧೂಳು ತೆಗೀತಾಳಲ್ಲ, ಬಿಚ್ಚೋ ಮುಂಚಿನ ಜಾಗವಾ, ಆಮೇಲಿನದಾ?

ಅವನ ಬೆರಳುಗಳು ನಿಂತವು.

ರಿಪೇರಿಯವನು: ಏನು ಬಿಚ್ತೀರಿ?

ಸೊಸೆ: ಹೊಲಿಗೆ ಮೆಷಿನ್ ಬಿಚ್ಚಲ್ವಾ, ಹಾಗೇ. ಆ ಎರಡು ಕಾರ್ಡೂ ತೆಗೆದು, ಒರೆಸಿ, ಯಾವ ಸಂದಿ ಖಾಲಿ ಕಾಣುತ್ತೋ ಅಲ್ಲಿ ಸಿಕ್ಕಿಸ್ತೀನಿ.

ರಿಪೇರಿಯವನು: ಇವತ್ತೂ?

ಸೊಸೆ: ಇವತ್ತು ಸೋಮವಾರ ತಾನೆ.

ರಿಪೇರಿಯವನು: ಅಕ್ಕಾ, ಅರ್ಧ ಗಂಟೆಯಿಂದ ಕೇಳ್ತಿದೀನಿ, ಏನಾದ್ರೂ ಕೆದಕಿದ್ರಾ ಅಂತ.

ಸೊಸೆ: ಚೊಕ್ಕ ಮಾಡಿದ್ದನ್ನ ಕೆದಕಿದ್ದು ಅಂತ ಯಾರಾದ್ರೂ ಹೇಳ್ತಾರಾ?

ಅವನು ಉಸಿರೆಳೆದುಕೊಂಡು, ಬರೆದಿದ್ದನ್ನೆಲ್ಲ ಅಳಿಸಿದ.

ರಿಪೇರಿಯವನು: ಸರಿ, ಜಾಗದ ಮಾತು ಬಿಡಿ. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ ಕೊಟ್ಟ ನಂಬರಿದೆ, ಎಲ್ಲಿ ಸಿಕ್ಕಿಸಿದ್ರೂ ಅದೇ. ಅದನ್ನ ನೋಡಿ ಗುರುತು ಹಿಡಿ ಅಂತ ಬರೀತೀನಿ. ಹೆಸರು ನೀವೇ ಇಡಿ.

ಸೊಸೆ: ‘ದೊಡ್ಡ ಕಸೂತಿ ಮೆಷಿನ್ನಿಗೆ ಹೋಗುವ ದಾರಿ’.

ರಿಪೇರಿಯವನು: ಹದಿನೈದು ಅಕ್ಷರದೊಳಗೆ ಮುಗೀಬೇಕು. ನಡುವೆ ಜಾಗವೂ ಬಿಡೋ ಹಾಗಿಲ್ಲ.

ನಾನು: ‘ಸೂಜಿ’ ಅನ್ನಪ್ಪಾ. ಇನ್ನೊಂದಕ್ಕೆ ‘ಬೀದಿ’.

ಅವನು ಹಾಗೆಯೇ ಬರೆದ. ಕಂಪ್ಯೂಟರ್ ಒಮ್ಮೆ ಮಲಗಿ ಎದ್ದಿತು. ಕಸೂತಿ ಮೆಷಿನ್ನು ಗಂಟಲು ಸರಿಪಡಿಸಿಕೊಂಡು, ತಂಡದ ನಾಯಕನ ಹೆಸರಿನ ಮೊದಲ ಅಕ್ಷರ ಹೊಲಿಯತೊಡಗಿತು. ಸೊಸೆ ಎರಡನೆಯ ಅಂಗಿಯನ್ನು ಆಗಲೇ ಕೈಯಲ್ಲಿ ಹಿಡಿದಿದ್ದಳು.

ರಿಪೇರಿಯವನು: ಮತ್ತೆ ಕೈಕೊಟ್ರೆ ಫೋನ್ ಮಾಡಿ. ನನ್ನ ನಂಬರು ಏನಂತ ಹಾಕ್ಕೊಂಡಿದೀರಿ?

ಸೊಸೆ: ‘ಕಂಪ್ಯೂಟರ್ ಎರಡು’.

ರಿಪೇರಿಯವನು: ಒಂದು ಯಾರು?

ಸೊಸೆ: ಇದಾರೆ ಒಬ್ಬರು. ಫೋನೇ ಎತ್ತಲ್ಲ.

ರಿಪೇರಿಯವನು: ಹಾಗಾದ್ರೆ ಮೊದಲು ಸಿಕ್ಕಿದವನು ನಾನಲ್ವಾ? ನನ್ನನ್ನೇ ಒಂದು ಮಾಡಿ.

ಸೊಸೆ: ಅಯ್ಯೋ ಬೇಡ. ಸಿಕ್ಕಿದವರಿಗೆಲ್ಲ ಹೆಸರು ಬದಲಾಯಿಸ್ತಾ ಹೋದ್ರೆ ಏನಾಗುತ್ತೆ ಅಂತ ಈಗ ತಾನೆ ನೋಡಿದ್ವಲ್ಲ.

ಅವನು ನನ್ನ ಮುಖ ನೋಡಿದ. ನಾನು ಅವನ ಪಕ್ಕದಲ್ಲಿದ್ದ ಖಾಲಿ ಲೋಟ ತೆಗೆದುಕೊಂಡು, ತೊಳೆಯಲು ನಲ್ಲಿಯ ಕಡೆ ನಡೆದೆ.