ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ

೧೯೯೧ರಲ್ಲಿ ನಾನು ಏಳನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಅದೇ ವರ್ಷ ಅಕ್ಕನ ಮದುವೆಯಾಗಿ ನನಗೊಬ್ಬ ಭಾವ ಸಿಕ್ಕರು. ಎರಡಕ್ಕೂ ಸಂಬಂಧವಿಲ್ಲ. ಆದರೆ ಮೇಷ್ಟರು ಕಲಿಸದೆ ಉಳಿಸಿದ ವಿದ್ಯೆಯನ್ನೆಲ್ಲ ಈ ಮನುಷ್ಯ ನನಗೆ ಕಲಿಸಿದ್ದಾರೆ. ಅದರಲ್ಲಿ ಮುಕ್ಕಾಲು ಭಾಗ ಯಾವ ಕೆಲಸಕ್ಕೂ ಬಾರದ್ದು. ಹೆಸರು ಹೇಳುವುದಿಲ್ಲ. ಹೇಳಿದರೆ ಅಜ್ಜಂಪುರದ ಕಡೆಯವರು ಯಾರಾದರೂ ಓದಿ, ಹೋಗಿ ಅವರಿಗೆ ಹಚ್ಚಿಕೊಡುತ್ತಾರೆ. ಇಷ್ಟು ಮಾತ್ರ ಹೇಳಬಲ್ಲೆ: ಒಂದೇ ಅಳತೆಯ ಎರಡು ವಸ್ತುಗಳನ್ನು 'ಜೊತೆ' ಎಂದು ಒಪ್ಪದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರಿಗೇ ಹುಡುಕಿ ನಮ್ಮಕ್ಕನನ್ನು ಕೊಟ್ಟಿದ್ದೇವೆ!

ಮದುವೆಯಾದ ಹೊಸತರಲ್ಲಿ ಭಾವ ನಮ್ಮೂರಿಗೆ ಬಂದಾಗ ಅಕ್ಕ ಸಂಭ್ರಮದಲ್ಲಿ ಹಿತ್ತಾಳೆ ಕೊಡವನ್ನು ಬಾವಿಗೆ ಬಿಟ್ಟಳು. ಆಗೆಲ್ಲ ಬಾವಿಗೆ ಬಿದ್ದದ್ದನ್ನು ಎತ್ತಲು ಕೊಕ್ಕೆಗಳ ಗೊಂಚಲಿನಂಥ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ಅದು ಇಡೀ ಬೀದಿಗೆ ಒಂದೇ. ನಾನು ತರಲು ಓಡಿದೆ. ತಂದು ನೋಡಿದರೆ ಬಾವಿಕಟ್ಟೆಯ ಮೇಲೆ ಹೊಸ ಅಂಗಿ ಮಾತ್ರ ಇತ್ತು, ಅಳಿಯಂದಿರು ಇರಲಿಲ್ಲ! ಅಕ್ಕ ಅಳುವುದಕ್ಕೆ ಬಾಯಿ ತೆರೆದಿದ್ದಳಷ್ಟೆ, ಭಾವ ಮೇಲೆ ಬಂದರು. ಒಂದು ಕೈಯಲ್ಲಿ ನಮ್ಮ ಕೊಡ. ಇನ್ನೊಂದರಲ್ಲಿ, ಪಕ್ಕದ ಮನೆಯವರು ಕದ್ದರೆಂದು ನಮ್ಮಜ್ಜಿ ಎರಡು ದೀಪಾವಳಿ ಮಾತು ಬಿಟ್ಟಿದ್ದ ತಾಮ್ರದ ಚೊಂಬು! ಅಜ್ಜಿ ಅಂದು ಸಂಜೆ ಆ ಮನೆಗೆ ಒಬ್ಬಟ್ಟು ಕಳಿಸಬೇಕಾಯಿತು. ಆಮೇಲೆ ನಮ್ಮ ಬೀದಿಯಲ್ಲಿ ಏನು ಬಿದ್ದರೂ ಯಾರೂ ಪಾತಾಳಗರಡಿ ಕೇಳಲಿಲ್ಲ. "ಅಳಿಯಂದ್ರು ಯಾವಾಗ ಬತ್ತಾರೆ?" ಎಂದೇ ಕೇಳುತ್ತಿದ್ದರು. ನಾನು ಈಜು ಕಲಿತದ್ದು ಅದೇ ಬಾವಿಯಲ್ಲಿ, ಅವರದೇ ಕೈಯಲ್ಲಿ. ಈಗ ಅದು ಬತ್ತಿದೆ. ಬಗ್ಗಿ ನೋಡಿದರೆ ತಳದಲ್ಲಿ ಬರೀ ಪ್ಲಾಸ್ಟಿಕ್ ಕಾಣುತ್ತದೆ. ನಾನು ಬಗ್ಗಿ ನೋಡುವುದನ್ನೂ ಬಿಟ್ಟಿದ್ದೇನೆ.

ಭಾವನ ಎರಡನೆಯ ವಿದ್ಯೆ ಎತ್ತು ನೋಡುವುದು. ಎಮ್ಮೆದೊಡ್ಡಿ ಕಡೆಯವರೂ ಎತ್ತು ಕೊಳ್ಳುವ ಮುಂಚೆ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು, ಸುಳಿ ಎಲ್ಲ ಆಮೇಲೆ. ಮೊದಲು ದೂರ ನಿಂತು ನಡಿಗೆ ನೋಡಬೇಕು. ಯಾವ ಎತ್ತು ಯಾವುದರ ಪಕ್ಕ ನಡೆದರೆ ಚೆಂದ ಎಂಬುದು ಅವರಿಗೆ ಹೇಗೋ ಹೊಳೆಯುತ್ತಿತ್ತು. ಒಂದು ಬಡವಾದರೆ ನೊಗದಲ್ಲಿ ಅದರ ಕಡೆ ಉದ್ದ ಬಿಟ್ಟು ಕಟ್ಟಿಸುವರು. ಹಾಗೆ ಕಟ್ಟಿದರೆ ಅದಕ್ಕೆ ಭಾರ ಕಡಿಮೆ, ನೇಗಿಲು ನೆಟ್ಟಗೆ ಸಾಗುತ್ತದೆ.

ಆರು ವರ್ಷದ ಹಿಂದೆ ಹಾಗೆ ನೋಡಲು ಹೋದ ಎತ್ತೊಂದು ಇವರ ನೋಟವನ್ನು ಮೆಚ್ಚದೆ ಎಡಗಾಲಿಗೆ ಒದ್ದಿತು. ಮೂಳೆ ಕೂಡಿತು, ಬಲ ಬರಲಿಲ್ಲ. ಕುಂಟುವುದಕ್ಕೇನೂ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರಾದದ್ದು ಕೆರೆಯಲ್ಲಿ. ಬಲಗಾಲು ಜೋರಾಗಿ ತಳ್ಳುತ್ತದೆ, ಎಡಗಾಲು ಸುಮ್ಮನಿರುತ್ತದೆ. ಆಚೆ ದಡಕ್ಕೆಂದು ಹೊರಟ ಭಾವ ಎಡಕ್ಕೆ ತಿರುಗಿ ತಿರುಗಿ ಹೊರಟ ಮೆಟ್ಟಿಲಿಗೇ ಬಂದು ಸೇರುತ್ತಿದ್ದರು! ಏರಿಯ ಮೇಲಿದ್ದವರು ನಕ್ಕರು. ನಾನೂ ನಕ್ಕು, ವೀಲ್ ಅಲೈನ್‌ಮೆಂಟ್ ಹೋಗಿದೆ ಭಾವ ಎಂದೆ. ಮಾರನೆಯ ದಿನದಿಂದ ಅವರು ಕೆರೆಗೆ ಹೋಗಲಿಲ್ಲ. ಎತ್ತು ನೋಡಲು ಕರೆದರೂ ಹೋಗಲಿಲ್ಲ. ಜಗಲಿಯ ಮೇಲೆ ಕೂತು ಗೋಡೆ ನೋಡುವ ಭಾವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇಂಥವರು ಹೋದ ವರ್ಷ ಯಾರದೋ ಮದುವೆಗೆಂದು ಲಕ್ಕವಳ್ಳಿಗೆ ಹೋದವರು ಊಟಕ್ಕೆ ಕೂರದೆ ಡ್ಯಾಮಿನ ನೀರು ನೋಡಲು ಹೋಗಿದ್ದಾರೆ. ಅಲ್ಲಿ ನೀರಿನಾಳಕ್ಕೆ ಇಳಿಯುವವರು ಕಾಲಿಗೆ ರಬ್ಬರಿನ ಅಗಲ ರೆಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಸ್ಕೂಬಾದವರು ಹಾಕುವ ಫಿನ್ಸು. ಭಾವ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಕಡೂರಿಗೆ ಬಂದು ನನ್ನ ಟೈರ್ ಅಂಗಡಿಯ ಮುಂದೆ ನಿಂತರು.

"ಲೇ, ಬೆಂಗ್ಳೂರಿಗೆ ಹೋಗನ ನಡಿ. ಕಾಲ್ ರೆಕ್ಕೆ ತರಬೇಕು."

ಅಕ್ಕನಿಗೆ ಫೋನ್ ಮಾಡಿದೆ. ಅರವತ್ತಕ್ಕೆ ಬಾತುಕೋಳಿ ಆಗಕ್ಕೆ ಹೊರಟವರ ಜೊತೆ ನೀನೂ ಹೋಗು, ಎಂದಳು. ಅದು ಬೈಗುಳವೋ ಅಪ್ಪಣೆಯೋ ತಿಳಿಯಲಿಲ್ಲ. ಹೋದೆ.

ಬೆಂಗಳೂರಿನ ಅಂಗಡಿಯಲ್ಲಿ ಎರಡು ತರಹದವು ಇದ್ದವು, ಉದ್ದದ್ದು ಮತ್ತು ಗಿಡ್ಡದ್ದು. ಎರಡಕ್ಕೂ ಹಿಮ್ಮಡಿಯಲ್ಲಿ ಪಟ್ಟಿ, ಯಾರ ಕಾಲಿಗೆ ಬೇಕಾದರೂ ಬಿಗಿದುಕೊಳ್ಳಬಹುದು. ಭಾವ ಒಂದೊಂದನ್ನೂ ಬಗ್ಗಿಸಿದರು, ಮೂಸಿದರು, ಬೆನ್ನು ತಟ್ಟಿದರು. ಆಮೇಲೆ ನನ್ನ ಕಾಲಿಗೆ ತೊಡಿಸಿ, ಆ ತುದಿಯಿಂದ ಈ ತುದಿಗೆ ನಡಿ ಎಂದರು. ನಡಿಗೆ ನೋಡದೆ ಹೇಗೆ ಕೊಳ್ಳುವುದು? ಕಡೂರಿನಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ನಾನು, ಗಾಜಿನ ಬಾಗಿಲಿನ ಆ ಅಂಗಡಿಯಲ್ಲಿ ಪಟಪಟನೆ ಬಾತುಕೋಳಿಯಂತೆ ಸುತ್ತು ಹೊಡೆದೆ!

ನೋಡಿ ಮುಗಿಸಿ ತೀರ್ಪು ಕೊಟ್ಟರು: ಎಡಗಾಲಿಗೆ ಉದ್ದದ್ದು, ಬಲಗಾಲಿಗೆ ಗಿಡ್ಡದ್ದು.

"ಸಾರ್, ಅದು ಜೊತೆ ಅಲ್ಲ" ಎಂದ ಅಂಗಡಿಯ ಹುಡುಗ.

"ಜೊತೆ ಅನ್ನೋದು ನಾವು ಕಟ್ಟೋದು ಕಣಪ್ಪ. ಒಂದೇ ಹಸು ಹೊಟ್ಟೇಲಿ ಹುಟ್ಟಿದ್ದೆಲ್ಲ ಜೊತೆ ಆಗಲ್ಲ."

ಮೂವತ್ತು ವರ್ಷ ಟೈರು ಬಿಚ್ಚಿ ಹಾಕಿದವನು ನಾನು, ಸುಮ್ಮನಿರುತ್ತೇನೆಯೇ? ಒಂದು ಅಚ್ಚಿಗೆ ಎರಡು ಬೇರೆ ಸೈಜು ಹಾಕಿದರೆ ಗಾಡಿ ಹಾಳಾಗುತ್ತದೆ ಎಂದೆ. ಬಡವಾದ ಕಡೆಗೆ ಉದ್ದ ಬಿಡದಿದ್ದರೆ ನೇಗಿಲು ಹಾಳಾಗುತ್ತದೆ ಎಂದರು. ಗಿರಾಕಿಗಳು ಸುತ್ತ ಸೇರಿದರು. ಕೊನೆಗೆ ಹುಡುಗ ಬಿಡಿಬಿಡಿಯಾಗಿ ಕೊಡಲಾಗದೆಂದ. ಹಾಗಾದರೆ ಎರಡು ಜೊತೆಯನ್ನೂ ಕೊಡು ಎಂದು ಭಾವ ಟವೆಲನ್ನು ಕೈಮೇಲೆ ಹೊದಿಸಿ ಅವನ ಮುಂದೆ ಚಾಚಿದರು. ದನದ ವ್ಯಾಪಾರದಲ್ಲಿ ಬಟ್ಟೆಯ ಒಳಗೆ ಬೆರಳು ಹಿಡಿದೇ ರೇಟು ಮಾತಾಡುವುದು. ಪಾಪ, ಹುಡುಗ ಒಳ್ಳೆಯ ಮನೆತನದವನು. ಟವೆಲಿನೊಳಗೆ ಕೈ ತೂರಿಸಿ ಭಾವನ ಕೈ ಹಿಡಿದು ಭಕ್ತಿಯಿಂದ ಕುಲುಕಿದ!

ರೈಲಿನಲ್ಲಿ ಹೊಸ ಚಿಂತೆ ಶುರುವಾಯಿತು. ಮಿಕ್ಕಿದ್ದು ಬಲಗಾಲಿನ ಉದ್ದ, ಎಡಗಾಲಿನ ಗಿಡ್ಡ. ಅಂದರೆ ಬಲಗಾಲು ಸೋತವರಿಗೆ ಸರಿಯಾದ ಜೊತೆ. ಜೊತೆಯನ್ನು ಕೆಲಸವಿಲ್ಲದೆ ಮೂಲೆಗಿಡುವುದು ಭಾವನ ಜಾಯಮಾನಕ್ಕೆ ಒಗ್ಗದು. ಮಿಕ್ಕಿದ್ದನ್ನು ಚೀಲದಲ್ಲಿ ಹಾಕಿಕೊಂಡು ಬಲಗಾಲಿನ ಕುಂಟರನ್ನು ಹುಡುಕತೊಡಗಿದರು. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಹಿಂದೆ ಎರಡು ಬೀದಿ ನಡೆದು, ಸ್ವಾಮಿ ನಿಮ್ಮ ಬಲಗಾಲು ಎಷ್ಟು ವರ್ಷದಿಂದ ಎಂದು ವಿಚಾರಿಸಿದರಂತೆ. ಆತ ನಿಂತು, ಶೂ ಬಿಚ್ಚಿ, ಒಳಗಿದ್ದ ಕಲ್ಲು ಕೊಡವಿ, ನೆಟ್ಟಗೆ ನಡೆದುಕೊಂಡು ಹೋದ. ದೇವನೂರಿನಲ್ಲಿ ಒಬ್ಬ ಅಸಲಿಯೇ ಸಿಕ್ಕಿದ. ಆದರೆ ಅವನಿಗೆ ಮಂಡಿಯುದ್ದ ನೀರು ಕಂಡರೂ ತಲೆ ತಿರುಗುತ್ತದೆ. ಕೊಟ್ಟರೆ ಕಣದಲ್ಲಿ ರಾಗಿ ಬಾಚುವುದಕ್ಕೆ ಇಟ್ಟುಕೊಳ್ಳುತ್ತೇನೆ ಎಂದನಂತೆ. ಭಾವ ನೊಂದುಕೊಂಡು ವಾಪಸ್ಸು ಬಂದರು.

ಕೊನೆಗೆ ಕೆರೆಗೆ ಇಳಿಯುವ ದಿನ ಬಂತು. ಬೆಳಿಗ್ಗೆ ಏರಿಯ ಮೇಲೆ ನಗುವುದಕ್ಕೆ ತಯಾರಾಗಿ ಜನ ಬಂದಿದ್ದರು. ಅಕ್ಕ ಬರುವುದಿಲ್ಲವೆಂದು ಖಂಡಿತ ಹೇಳಿದ್ದಳು. ಈ ಸಲವೂ ಸುತ್ತು ಹೊಡೆದರೆ ಭಾವ ಮತ್ತೆ ಜಗಲಿ ಬಿಟ್ಟು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಪಟ್ಟಿ ಬಿಗಿದು, ಮಿಕ್ಕ ಜೊತೆಯ ಚೀಲವನ್ನು ನನ್ನ ಕೈಗೆ ಕೊಟ್ಟರು. ನಾನು ಒಂದು ತಮಾಷೆ ಮಾತು ಹುಡುಕಿದೆ, ಸಿಗಲಿಲ್ಲ.

ಇಳಿದರು. ಮೊದಲು ಸ್ವಲ್ಪ ಎಡಕ್ಕೆ ವಾಲಿದರು. ಏರಿಯ ಮೇಲೆ ಯಾರೋ ಕಿಸಕ್ಕೆಂದರು. ಆಮೇಲೆ ಎಡಗಾಲಿನ ಉದ್ದ ರೆಕ್ಕೆ ನಿಧಾನವಾಗಿ ನೀರು ಹಿಡಿಯಿತು. ಭಾವ ಎಳೆದ ಗೆರೆಯಂತೆ ನೆಟ್ಟಗೆ ಹೋದರು. ಆಚೆ ದಡ ಮುಟ್ಟಿದರು. ಯಾರೂ ನಗಲಿಲ್ಲ. ನನ್ನ ಟೈರಿನ ಶಾಸ್ತ್ರವೆಲ್ಲ ನೀರುಪಾಲಾಯಿತು.

ವಾಪಸ್ಸು ಬರುತ್ತಾ ಮಧ್ಯದಲ್ಲೇ ಭಾವ ಕಾಲಾಡಿಸುವುದನ್ನು ನಿಲ್ಲಿಸಿ ದಡವನ್ನೇ ನೋಡತೊಡಗಿದರು. ತಿರುಗಿ ನೋಡಿದೆ. ಬರುವುದಿಲ್ಲ ಎಂದ ಅಕ್ಕ ಕೆರೆಯ ಮೆಟ್ಟಿಲು ಇಳಿಯುತ್ತಿದ್ದಳು. ಬಲಗಾಲನ್ನು ಕೆಳಗಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಬಲಗಾಲು. ಐದು ವರ್ಷ ಎಲ್ಲರೂ ಭಾವನ ನಡಿಗೆಯನ್ನೇ ನೋಡಿದ್ದೆವು.

ಭಾವ ಮೆಟ್ಟಿಲಿಗೆ ಬಂದು ಮೈಯಿಂದ ನೀರಿಳಿಸುತ್ತಾ ಕೂತರು.

"ಯಾವಾಗಿಂದ ಕಣೇ, ಈ ಬಲಗಾಲು?"

"ಅದೆಲ್ಲ ಯಾಕೀಗ. ತಲೆ ಒರೆಸ್ಕಳಿ."

"ಕೇಳ್ತಾ ಇದೀನಿ."

"ನಿಮ್ಮನ್ನ ಹೆಗಲಿಗೆ ಹಾಕ್ಕಂಡು ನಡೆಸ್ತಿದ್ನಲ್ಲ, ಆವಾಗಿಂದ. ನೀವು ಯಾವಾಗ್ಲೂ ಎಡಕ್ಕೇ ವಾಲ್ತಿದ್ರಿ. ಭಾರ ಎಲ್ಲ ಈ ಕಾಲಿಗೇ ಬೀಳ್ತಿತ್ತು."

ನಡಿಗೆ ನೋಡಿಯೇ ಎತ್ತಿನ ಜಾತಕ ಹೇಳುವ ಮನುಷ್ಯ ಬಗ್ಗಿ ಹೆಂಡತಿಯ ಬಲಗಾಲನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಆ ಚೀಲ ಕೊಡಿಲ್ಲಿ."

ಅಕ್ಕನನ್ನು ಪಕ್ಕಕ್ಕೆ ಕೂರಿಸಿ ಅವಳ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡರು. ಅವಳು ನನ್ನ ಮುಖ ನೋಡಿ, ಜನ ಇದಾರೆ ಬಿಡಿ ಎಂದು ಕಾಲು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದಳು. ಭಾವ ಬಿಡಲಿಲ್ಲ. ಬಲಕ್ಕೆ ಉದ್ದದ್ದು, ಎಡಕ್ಕೆ ಗಿಡ್ಡದ್ದು, ಪಟ್ಟಿ ಎರಡು ಸಲ ಸಡಿಲಿಸಿ ಬಿಗಿದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟರು. ಅಕ್ಕ ಮೆಲ್ಲಗೆ ಬಲಗಾಲು ಆಡಿಸಿದಳು. "ನೋಯಲ್ಲ ಕಣ್ರೀ" ಎಂದಳು.

ನಾನು ಬೈಕಿನ ಟೈರಿಗೆ ಗಾಳಿ ನೋಡುವ ನೆಪದಲ್ಲಿ ಏರಿ ಹತ್ತಿದೆ.

ನನಗೀಗ ಕಡೂರಿನಲ್ಲಿ ಒಂದು ಟೈರ್ ಅಂಗಡಿ ಇದೆ. ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಒಬ್ಬ ಅಕ್ಕ, ಒಬ್ಬ ಭಾವ: ಒಂದು ಜೊತೆ.